ಕಾಕಾನ ಸೈಕಲ್ ಮದುವಿ

ನಮ್ಮ ಕಾಕಾ ಬಂದವರ ಮುಖ ಮೊದಲು ನೋಡುತ್ತಿರಲಿಲ್ಲ. ಅವರ ಸೈಕಲ್ಲಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ, "ಆರಾಮ ಐತೇನು?" ಅನ್ನುತ್ತಿದ್ದ. ಕೇಳಿದ್ದು ಗಾಲಿಯನ್ನೋ ಮನುಷ್ಯನನ್ನೋ, ಬೆಟಗೇರಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುಶಾಂತಪ್ಪ ಎಂದು ಹೆಸರು, ನಮ್ಮಪ್ಪನ ತಮ್ಮ. ಸೈಕಲ್ ರಿಪೇರಿ ಮತ್ತು ಬಾಡಿಗೆಯ ಅಂಗಡಿ. ನಡೆದು ಬರುವ ನೆಂಟರೆಂದರೆ ಅಷ್ಟಕ್ಕಷ್ಟೇ. ತನ್ನ ಕೈಕೆಲಸದ ಜಂಬ ಮಾತ್ರ ಹೇಳತೀರದು. "ನಾ ಬಿಗದ ಬ್ರೇಕು ಇವತ್ತಿನ ತನಕ ಯಾರಿಗೂ ಕೈಕೊಟ್ಟಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಅಂದರೇನೇ ಅವನಿಗೆ ಉಂಡದ್ದು ಕರಗುತ್ತಿತ್ತು.

ನಾಡು ಒಂದಾದ ಮರುವರ್ಷ ನನ್ನ ಮದುವೆ ಗೊತ್ತಾಯಿತು. ಮುಳಗುಂದದ ಹುಡುಗ, ಸಾಲಿ ಮಾಸ್ತರು. ನನಗಂತೂ ಭಾಳ ಮನಸ್ಸಿಗೆ ಬಂದಿದ್ದರು. ಆದರೆ ಅವರಪ್ಪ ಮೂಗಿನ ತುದಿಯಲ್ಲೇ ಸಿಟ್ಟಿದ್ದ ಗೌಡರು. ಹಿಂದೊಂದು ಕಡೆ ಎಲೆಗೆ ತುಪ್ಪ ತಡವಾಗಿ ಬಿತ್ತೆಂದು ಮಗನ ನಿಶ್ಚಯವನ್ನೇ ಮುರಿದು ಎದ್ದು ಬಂದವರು. ಈ ಸಂಬಂಧವೂ ಹಾಗೇ ತಪ್ಪೀತೆಂದು ನನ್ನ ಜೀವ ಪುಕುಪುಕು ಅನ್ನುತ್ತಿತ್ತು.

ಕಾಕಾನಿಗೆ ಅದರ ಖಬರೇ ಇಲ್ಲ. "ಮುಂಬೈ ಸರಕಾರ ಹೋತು, ನಾಡು ಒಂದಾತು. ಇನ್ನೂ ಎತ್ತಿನ ಬಂಡ್ಯಾಗ ಮೆರವಣಿಗಿ ಏನು? ಮದಿಮಗ ಸೈಕಲ್ ಮ್ಯಾಲೆ ಬರಲಿ" ಎಂದ.

ಅವ್ವ ರೇಗಿದಳು. "ನಿನ್ನ ಅಂಗಡಿ ಮದುವಿ ಮಾಡಾಕತ್ತೀಯೋ, ನನ್ನ ಮಗಳದೋ?"

ಯಾರು ಕೇಳಬೇಕು! ಗಾಲಿಗಳ ಕಡ್ಡಿಯ ನಡುವೆ ಸೇವಂತಿಗೆ, ಹ್ಯಾಂಡಲ್ಲಿಗೆ ಮಾವಿನ ತೋರಣ, ಹಂದರದ ಕಂಬಕ್ಕೆ ಹಳೆಯ ರಿಮ್ಮು. ಅಕ್ಕಿಕಾಳು ಬೀಳುವಾಗ ವಾಜಂತ್ರಿಯ ಜೊತೆಗೆ ಅಂಗಡಿಯ ಅಷ್ಟೂ ಸೈಕಲ್ಲಿನ ಗಂಟೆ ಬಾರಿಸಬೇಕೆಂದು ಹೇಳಿದಾಗ ವಾಜಂತ್ರಿಯವರು ಮುನಿಸಿಕೊಂಡು ಹೋಗಿ, ಮತ್ತೆ ಕರೆಸಬೇಕಾಯಿತು.

ಮದಿಮಗನಿಗೆ ಸೈಕಲ್ ಬರುತ್ತದೆಯೇ ಎಂದು ಕಾಕಾ ಗೌಡರ ಎದುರಿಗೇ ಕೇಳಿದ್ದ. ಬೀಗರ ಮುಂದೆ ಇಲ್ಲವೆನ್ನಲು ನಾಚಿ ನಮ್ಮವರು "ಬರತೈತ್ರಿ" ಅಂದುಬಿಟ್ಟಿದ್ದರು. ಖರೆ ಹೇಳಬೇಕೆಂದರೆ ಅವರು ಕಲಿತದ್ದು ರಾಶಿ ಮಾಡುವ ಕಣದಲ್ಲಿ, ನಡುವಿನ ಮೇಟಿಕಂಬದ ಸುತ್ತ, ಎತ್ತು ತಿರುಗಿದಂತೆ. ಇಳಿಯಬೇಕಾದರೆ ಕಂಬವನ್ನು ಅಪ್ಪಿಕೊಳ್ಳುವುದು. ಬೇರೆ ರೀತಿ ಇಳಿಯಲು ಅವರಿಗೆ ಬರುತ್ತಿರಲಿಲ್ಲ.

ಮದುವೆಯ ದಿನ ಗೆಳೆಯರು ಅತ್ತಿತ್ತ ಹಿಡಿದುಕೊಂಡು ಹಂದರದವರೆಗೂ ತಂದರು, ಅಲ್ಲಿ ಕೈಬಿಟ್ಟರು. ನಮ್ಮವರು ಬಾಸಿಂಗ ಕಟ್ಟಿಕೊಂಡೇ ಹಂದರವನ್ನು ಸುತ್ತತೊಡಗಿದರು. ಮುಳಗುಂದದ ಪದ್ಧತಿ ಇರಬೇಕೆಂದು ನಮ್ಮ ಹೆಣ್ಣುಮಕ್ಕಳು ಆರತಿ ಹಿಡಿದು ಸೋಬಾನೆ ಹಾಡಿದರು. ಕಡೆಗೆ ಸಾಕಾಗಿ ಅವರು ಹಂದರದ ಕಂಬವನ್ನೇ ಅಪ್ಪಿಕೊಂಡರು. ಹಂದರ ಬೀಗರ ಮೇಲೆ ಬಿತ್ತು.

ಹಂದರದ ಸೊಪ್ಪು ತಪ್ಪಲಿನ ಅಡಿಯಿಂದ ಗೌಡರು ಎದ್ದು ಬಂದರು. "ಗೌಡರ ಮಗಗ ಸೈಕಲ್ ಬರೂದಿಲ್ಲಂತ ಊರ ನಗಾಕತ್ತೈತಿ. ಈ ಸಂಬಂಧ ಬ್ಯಾಡ. ನಡೀರಿ ಊರಿಗೆ."

ಬಾಗಿಲ ಮರೆಯಲ್ಲಿದ್ದ ನಾನು ಹೊಸ್ತಿಲವರೆಗೂ ಬಂದುಬಿಟ್ಟೆ. ಅಷ್ಟರಲ್ಲಿ ಕಾಕಾ ಮುಂದೆ ಬಂದು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಹುಡುಗ ಚಲೋ ಹೊಡೀತಾನ್ರಿ ಗೌಡ್ರ. ಬ್ರೇಕ್ ಹಿಡೀಲಿಲ್ಲ. ನಾ ಬಿಗದದ್ದ ಸಡ್ಲಿತ್ತು. ತಪ್ಪು ನಂದು."

ಇಡೀ ಬೆಟಗೇರಿ ಕೇಳುವಂತೆ ಅಂದ. ಹಿಂದಿನ ದಿನ ಅದೇ ಬ್ರೇಕನ್ನು ನನ್ನ ಕೈಯಿಂದಲೇ ಒತ್ತಿಸಿದ್ದ. ಗಾಲಿ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಗೌಡರು ಅವನನ್ನು ಮನಸಾರೆ ಬೈದರು. ಬೈದ ಮೇಲೆ ಸಿಟ್ಟಿಳಿದು ಕುಳಿತರು. ಬಯಲಲ್ಲೇ ಅಕ್ಕಿಕಾಳು ಬಿದ್ದವು, ಗಂಟೆಗಳೂ ಮೊಳಗಿದವು. ನಾನು ಅತ್ತೆ. ತವರು ಬಿಡುವ ದುಃಖ ಎಂದರು ಎಲ್ಲರೂ. ನಾನು ಅತ್ತದ್ದು ಕಾಕಾನ ಸಲುವಾಗಿ.

ಆಮೇಲೆ ಎಷ್ಟೋ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಬ್ರೇಕಿನ ಜಂಬದ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಕಡೆಯ ಸಲ ನೋಡಲು ಹೋದಾಗ ಕಾಕಾ ಹಾಸಿಗೆ ಹಿಡಿದಿದ್ದ. ನಮ್ಮ ಮಾವನವರು ತೀರಿಕೊಂಡು ವರ್ಷಗಳೇ ಆಗಿದ್ದವು. ನನ್ನ ಮಗಳಿಗೇ ವರ ನೋಡುತ್ತಿದ್ದೆವು. ನಮ್ಮವರು ಮನೆಮಂದಿಯ ಮುಂದೆ ಅವನ ಕೈ ಹಿಡಿದು, "ಕಾಕಾರ, ಅವತ್ತ ಬ್ರೇಕ್ ಚಲೋನ ಇತ್ತು. ನನಗ ಇಳಿಯಾಕ ಬರತಿದ್ದಿಲ್ಲ" ಎಂದರು.

ಕಾಕಾ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಸಾವಕಾಶ ಮಾತಾಡ್ರಿ ಅಳಿಯಂದ್ರ. ನಿಮ್ಮಪ್ಪಗ ಕೇಳಿಸಿದ್ರ ನಮ್ಮ ಹುಡುಗಿ ಮದುವಿ ಮುರೀತೈತಿ."