ತನ್ನ ಕಾರನ್ನೇ ಬೈಯುವ ಮಾಲೀಕ

ಕಾರು ಮಾರುವವನೇ ಅದನ್ನು ಬೈದರೆ ನೀವು ಕೊಳ್ಳುತ್ತೀರಾ?

ಕಳೆದ ಶನಿವಾರ ಇಲ್ಲಿ ಕೆನಡಾದ ಎರಿನ್ ಮಿಲ್ಸ್‌ನಲ್ಲಿ ಆದದ್ದು ಇದೇ. ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ ಗೆಳೆಯ ಶಿವಾನಂದನಿಗೆ ಹಳೆಯ ಬ್ರಿಟಿಷ್ ಫ್ಯಾಮಿಲಿ ಕಾರುಗಳ ಹುಚ್ಚು. (ನಮ್ಮ ಅಂಬಾಸಿಡರ್ ಕೂಡ ಮೂಲದಲ್ಲಿ ಅದೇ ಕುಲದ್ದು.) ಆನ್‌ಲೈನ್‌ನಲ್ಲಿ ಅಂಥದೊಂದರ ಜಾಹೀರಾತು ನೋಡಿದವನೇ ನನಗೆ ಫೋನ್ ಮಾಡಿದ. "ಸರ, ನಿಮಗ ಎಲ್ಲಾರ ಮ್ಯಾಲೂ ಸಂಶಯ. ಅದಕ್ಕ ನೀವ ಬರಬೇಕು."

ಹೋದೆವು. ಗ್ಯಾರೇಜಿನಲ್ಲಿ ತಿಳಿನೀಲಿ ಬಣ್ಣದ, ಎಪ್ಪತ್ತರ ದಶಕದ ಕಾರು. ಮಾಲೀಕರು ಆರ್ಥರ್, ಎಂಬತ್ತು ದಾಟಿದ ಇಂಗ್ಲಿಷರು. ಈ ಕಾರು ತಯಾರಾದ ಕಾರ್ಖಾನೆಯಲ್ಲೇ ಬಾಗಿಲು ಜೋಡಿಸುತ್ತಿದ್ದರಂತೆ. ಅದು ಮುಚ್ಚಿದ ಮೇಲೆ ಕೆನಡಾಕ್ಕೆ ಬಂದರಂತೆ, ಕಾರಿನ ಸಮೇತ.

"ಇದನ್ನು ತಗೋಬೇಡಿ," ಅಂದರು ಶುರುವಿನಲ್ಲೇ. "ತಳವೆಲ್ಲ ತುಕ್ಕು. ಎಂಜಿನ್ ಬಿಸಿಯಾಗುತ್ತೆ. ನಾವು ಮಾಡಿದ್ದೇ ಹಾಗೆ. ಒಂದು ವಾರ ಕೆಲಸ, ಒಂದು ವಾರ ಸ್ಟ್ರೈಕು."

ನನ್ನ ಕಿವಿ ನೆಟ್ಟಗಾಯಿತು. ಇಷ್ಟು ಸಾಚಾ ಸೆಲ್ಲರ್ ಎಲ್ಲಾದರೂ ಉಂಟೇ? ಏನನ್ನೋ ಮುಚ್ಚಿಡುತ್ತಿದ್ದಾರೆ. ಆಕ್ಸಿಡೆಂಟ್ ಆದ ಕಾರೇ? ಕದ್ದ ಮಾಲೇ?

ಬಗ್ಗಿ ಟಾರ್ಚ್ ಬಿಟ್ಟೆ. ತುಕ್ಕಿನ ಸುಳಿವೇ ಇಲ್ಲ! ಶಿವಾನಂದ ಕೀ ತಿರುಗಿಸಿದ. ಮೊದಲ ಸಲಕ್ಕೇ ಸ್ಟಾರ್ಟ್. ಆರ್ಥರ್ ಮುಖ ಬಾಡಿತು.

ಅವರ ಹೆಂಡತಿ ಮಾರ್ಗರೆಟ್ ನನ್ನನ್ನು ಪಕ್ಕಕ್ಕೆ ಕರೆದರು. "ಜಾಹೀರಾತು ಹಾಕಿದ್ದು ನಾನು. ಬಂದವರನ್ನೆಲ್ಲ ಇವರು ಹೀಗೇ ಓಡಿಸ್ತಾರೆ. ಕಣ್ಣಿನ ಟೆಸ್ಟಲ್ಲಿ ಫೇಲಾಗಿ ಲೈಸೆನ್ಸ್ ಹೋಯಿತು. ಆದರೂ ನನ್ನ ಕಣ್ಣು ತಪ್ಪಿಸಿ ರಸ್ತೆಗಿಳೀತಾರೆ. ಯಾರಿಗಾದರೂ ಗುದ್ದೋಕೆ ಮುಂಚೆ ಒಯ್ದುಬಿಡಿ, ಪ್ಲೀಸ್."

ಶಿವಾನಂದನಿಗೆ ತಿಳಿಸಿದೆ. ಅವನು ನೇರವಾಗಿ ಆರ್ಥರ್ ಬಳಿ ಹೋದ. ಕಾರು ತಾನೇ ಒಯ್ಯುವುದಾಗಿ ಹೇಳಿದ. "ಆದರೆ ಭಾನುವಾರ ನಿಮ್ಮನ್ನ ಕೂರಿಸ್ಕೊಂಡೇ ಓಡಿಸ್ತೀನಿ. ಆಗಬಹುದಾ?"

ಮುದುಕರು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರು. ಮೆತ್ತಗಿನ, ಒಂದಿಷ್ಟೂ ಸಡಿಲವಿಲ್ಲದ ಸದ್ದು.

"ಮಳೆಗೆ ಬಿಡಬೇಡ," ಅಂದರು. "ನಾವು ಚೆನ್ನಾಗಿಯೇ ಮಾಡಿದ್ದೆವು."

ವಾಪಸು ಬರುವಾಗ ಶಿವಾನಂದ ಖುಷಿಯಲ್ಲಿ ಹಾಡುತ್ತಿದ್ದ. ನನಗೆ ಮಾತ್ರ ಇನ್ನೊಂದು ಅನುಮಾನ. ಕಾರ್ಖಾನೆಗೆ ಬೀಗ ಜಡಿದ ದೊಡ್ಡವರೂ ಇದನ್ನೇ ಹೇಳಿದ್ದರಂತೆ: ತುಕ್ಕು, ಸ್ಟ್ರೈಕು, ಕೆಲಸಗಾರರ ಸೋಮಾರಿತನ. ಆರ್ಥರ್ ಈ ಸುಳ್ಳು ಹೇಳಿದ್ದು ಕಾರು ಉಳಿಸಿಕೊಳ್ಳಲು.

ಆ ದೊಡ್ಡವರ ಮಾತೂ ಸುಳ್ಳಾಗಿದ್ದರೆ, ಅವರು ಉಳಿಸಿಕೊಂಡದ್ದು ಏನನ್ನು?