ಬಾಯಿಗೆ ಬಾರದ ಲೆಕ್ಕ

ಉಡುತಡಿಯ ಚಂದ್ರಶೇಖರಪ್ಪನವರಿಗೆ ನಲವತ್ತು ವರ್ಷದಿಂದ ಒಂದೇ ಚಾಳಿ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಹೊಡೆಯುವಾಗ ಮನಸ್ಸಿನಲ್ಲೇ ಎಣಿಸುತ್ತಾರೆ. ಎಷ್ಟು ಎಂದು ಮಾತ್ರ ಹೆತ್ತ ಮಗಳಿಗೂ ಹೇಳುವುದಿಲ್ಲ. ಜೀವದ ಲೆಕ್ಕ ಬಾಯಿಗೆ ಬಂದರೆ ದೃಷ್ಟಿಯಾಗುತ್ತದಂತೆ.

ಇಂಥವರನ್ನು ಮಗಳು ಮೀನಾ ಒಂದು ಭಾನುವಾರ ಬೈಕಿನಲ್ಲಿ ಕೂರಿಸಿಕೊಂಡು ಸೊರಬದ ಕಡೆಯ ಪಕ್ಷಿಧಾಮ ತೋರಿಸಲು ಹೋದಳು. ಬೆಳಿಗ್ಗೆ ಕೆರೆಯ ನಡುವಿನ ಮರವೊಂದರ ತುಂಬ ಬೆಳ್ಳಕ್ಕಿಗಳಿದ್ದವು. ಅವರು ಅದನ್ನೊಮ್ಮೆ ದಿಟ್ಟಿಸಿ, "ಹ್ಞೂಂ" ಎಂದು ಮುಂದೆ ನಡೆದರು. ಕೆರೆ ಏರಿಯ ಮೇಲೆ ಓಡಾಡಿ, ರೊಟ್ಟಿ ತಿಂದು, ಮರದ ನೆರಳಲ್ಲಿ ಗೊರಕೆಯನ್ನೂ ಹೊಡೆದರು. ಸಂಜೆ ಬೆಳ್ಳಕ್ಕಿಗಳು ಅದೇ ಮರಕ್ಕೆ ಮರಳಿದವು. ಕಾವಲುಗಾರ ಸೀಟಿ ಊದಿದ. ಚಂದ್ರಶೇಖರಪ್ಪ ಕೂತಲ್ಲಿಂದ ಅಲುಗಲಿಲ್ಲ.

"ಅಪ್ಪಾಜಿ ಏಳಿ, ಗೇಟ್ ಹಾಕ್ತಾರೆ."

"ತಡಿಯವ್ವ, ಒಂದು ಕಡಿಮೆ ಐತಿ."

ಪಕ್ಕದಲ್ಲಿದ್ದ ದುರ್ಬೀನಿನ ಮನುಷ್ಯ ಆಸೆಯಿಂದ ನೋಟ್‌ಬುಕ್ ತೆರೆದ. "ಬೆಳಿಗ್ಗೆ ಒಟ್ಟು ಎಷ್ಟಿದ್ವು ಯಜಮಾನ್ರೇ?"

"ಅದನ್ನೆಲ್ಲ ಬಾಯಿಬಿಟ್ಟು ಹೇಳ್ತಾರೇನ್ರೀ!" ಎಂದು ಗದರಿದರು.

ಬೈಯುತ್ತ ಬಂದ ಕಾವಲುಗಾರನೂ ಬೀಗದ ಕೈ ಹಿಡಿದು ಆಕಾಶ ನೋಡತೊಡಗಿದ. ಕೊನೆಗೆ ಒಂಟಿ ಬೆಳ್ಳಕ್ಕಿಯೊಂದು ಸಾವಕಾಶವಾಗಿ ಬಂದು ಕೊಂಬೆಯ ಮೇಲೆ ಕೂತಿತು. ಚಂದ್ರಶೇಖರಪ್ಪ ಟವೆಲ್ ಕೊಡವಿ ಎದ್ದರು. "ಈಗ ನಡಿ."

ಮನೆ ಮುಟ್ಟಿದಾಗ ಹೆಂಡತಿ ಗುತ್ಯಮ್ಮ ರೊಪ್ಪದ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಾ ಬಂದ್ವೇನೇ?" ಗಾಬರಿಯಿಂದ ಕೇಳಿದರು.

ಗುತ್ಯಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಗಿಲೆಳೆದು ಅಗಳಿ ಹಾಕಿದಳು.

"ಒಂದು ಕಡಿಮೆ ಇತ್ತು. ಈಗ ಬಂತು."