ಹಣೆ ಮೇಲಿನ ನೀಲಿ ಚುಕ್ಕೆ

ಮೊದಲೇ ಹೇಳಿಬಿಡ್ತೀನಿ, ಪೇಪರಕ್ಕನ ದನಿಯಲ್ಲಿ ಬಸ್ ಡಿಪೋದ ಸಾಹೇಬರಿಗೆ ಫೋನ್ ಹಚ್ಚಿದ ಮಂಗ್ಯಾ ನಾನೇ. ಮೊನ್ನೆ, ಚರ್ಚಿನವರು ಮಾಡುವ ಸತ್ತವರ ಹಬ್ಬದ ದಿನ, ರಾಯಚೂರಿನ ಸಮಾಧಿಗಳ ನಡುವೆ, ಕರಗಿದ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಾ ಒಮ್ಮೆಲೇ ಮೈಮೇಲೆ ಬಂತು...

ಪೇಪರಕ್ಕ ಅಂದ್ರೆ ನಮ್ಮ ಓಣಿಯ ಪತ್ರಕರ್ತೆ. ವಾರವೆಲ್ಲಾ ವರದಿ, ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಕವಿತೆ, ಮಿಕ್ಕ ಹೊತ್ತೆಲ್ಲಾ ಕಾದಂಬರಿ. ಏನೇ ಬರೆಯಲಿ, ಮೊದಲು ಶಿಲುಬೆ ಗುರುತು ಹಾಕಿಕೊಳ್ಳಬೇಕು, ಅದೂ ಪೆನ್ನು ಕೈಯಲ್ಲಿ ಹಿಡಿದೇ! ಹೀಗಾಗಿ ಹಣೆ ಮೇಲೆ ಸದಾ ಒಂದು ನೀಲಿ ಚುಕ್ಕೆ. "ಚರ್ಚಿಗಿ ಹೋದ್ರೂ ಬೊಟ್ಟು ಬಿಟ್ಟಿಲ್ಲ ನೋಡು ಆಕಿ" ಅಂತ ನಮ್ಮವ್ವ ಮೆಚ್ಚಿಕೊಳ್ಳುತ್ತಿದ್ದಳು. ನಾನೋ ಓಣಿಯವರನ್ನೆಲ್ಲಾ ಅಣಕಿಸುವವನು. ಅಕ್ಕನ ದನಿ ನನ್ನ ಹೆಸರಾಂತ ಐಟಂ. ನನ್ನ ಸ್ವಂತ ದನಿ ಮಾತ್ರ ಒಡಕು ತಗಡು.

ದೇವದುರ್ಗದ ಕಡೆಯ ಒಂದು ಹಳ್ಳಿಗೆ ಸಂಜೆ ಬಸ್ಸು ನಿಂತುಹೋಗಿ, ಕಾಲೇಜಿನ ಹುಡುಗಿಯರು ಕತ್ತಲಲ್ಲಿ ನಡೆದು ಹೋಗ್ತಾರಂತ ಆಕೆಗೆ ಸುದ್ದಿ ಬಂದಿತ್ತು. ಕಣ್ಣಾರೆ ನೋಡದೆ ಒಂದು ಸಾಲೂ ಬರೆಯದಾಕೆ. ಮಾನ್ವಿಯ ಕೆಲಸ ಮುಗಿಸಿಕೊಂಡು ಹೋಗ್ತೀನಿ ಅಂದಳು. ನನಗೆಲ್ಲಿ ತಡ್ಕೊಳ್ಳೋದು? ಆಕೆಯಂತೆಯೇ ಗಂಟಲು ಸರಿಮಾಡಿಕೊಂಡು ಫೋನಿನಲ್ಲಿ ಸಾಹೇಬರಿಗೆ ಅಂದೆ, "ನಾನೇ ಕಣ್ಣಾರೆ ನೋಡೀನ್ರೀ. ಬಸ್ಸು ಬಿಡ್ತೀರೋ, ಪೇಪರಿಗಿ ಹಾಕಲೋ?"

ಮರುದಿನ ಸಂಜೆ ಬಸ್ಸು ಓಡಿತು! ಕುಣಿಯುತ್ತಾ ಹೋಗಿ ಅಕ್ಕನಿಗೇ ಹೇಳಿಬಿಟ್ಟೆ.

ಅಕ್ಕ ಕುಣಿಯಲಿಲ್ಲ. "ನೋಡಲಾರದ್ದನ್ನ ನೋಡೀನಿ ಅಂತ ನನ್ನ ಬಾಯಿಲೆ ಅಂದೀ. ನಾಳಿಂದ ನನ್ನ ಮಾತು ಯಾರು ನಂಬ್ತಾರ ಲೇ? ನಡಿ, ಖರೇ ಹೇಳಿ ಬರೂಣು."

"ಯಕ್ಕಾ, ಖರೇ ಹೇಳಿದ್ರ ಬಸ್ಸು ನಿಲ್ಲಸ್ತಾರ!"

"ಅದಕ್ಕ ಮೊದಲು ಆ ಊರಿಗಿ ಹೋಗೂಣು."

ಸಿರವಾರ ದಾಟಿ ಹೋದೆವು. ಹಳ್ಳಿಯಲ್ಲಿ ಹುಡುಗಿಯರನ್ನು ಮಾತಾಡಿಸಿದಳು. ಅವರು ನಡೆಯುತ್ತಿದ್ದ ದಾರಿಯನ್ನು ತಾನೂ ನಡೆದಳು, ನನ್ನನ್ನೂ ನಡೆಸಿದಳು. ಅಂಟುವ ಎರಿ ಮಣ್ಣಿನಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು. "ಈ ಚಪ್ಪಲಿ ದನಿ ತೆಗಿ ನೋಡೂಣು" ಅಂದಳು!

ಆಮೇಲೆ ಸಾಹೇಬರ ಮುಂದೆ ಎಲ್ಲಾ ಬಿಚ್ಚಿಟ್ಟಳು. ಅವರು ಮೇಜು ಗುದ್ದಿದರು: "ಅಂದ್ರ ದೂರೇ ಸುಳ್ಳು! ಇವತ್ತೇ ಬಸ್ಸು ಬಂದ್!" ಅದಕ್ಕೆ ಅಕ್ಕ ಒಂದೇ ಮಾತು ಅಂದಳು.

ಆ ಬಸ್ಸು ಈಗಲೂ ಓಡ್ತದೆ. ಅಕ್ಕ ಇಲ್ಲ... ಆಕೆಯ ಕಾದಂಬರಿಯಲ್ಲಿ ಎಲ್ಲರನ್ನೂ ಅಣಕಿಸಿ ಬೈಸಿಕೊಳ್ಳುವ ಒಂದು ಗೊರವಂಕ ಹಕ್ಕಿ ಇದೆ. ಯಾರಂತ ಇಡೀ ಓಣಿಗೆ ಗೊತ್ತು. ಮೊನ್ನೆ ಅಕ್ಕನ ಸಮಾಧಿಗೆ ಮೇಣದಬತ್ತಿ ಹಚ್ಚಿ, ಸುತ್ತ ಯಾರೂ ಇಲ್ಲದ್ದು ನೋಡಿ, ಆಕೆಯ ದನಿ ತೆಗೆದೆ. ಅರ್ಧಕ್ಕೇ ನನ್ನ ತಗಡು ದನಿ ಬಂದುಬಿಡ್ತು... ಆದರೂ ಬಿಡಲಿಲ್ಲ. ಅವತ್ತು ಸಾಹೇಬರ ಬಾಯಿ ಕಟ್ಟಿದ ಆ ಮಾತನ್ನ ಪೂರ್ತಿ ಹೇಳಿಯೇ ಎದ್ದೆ:

"ದನಿ ಸುಳ್ಳು ಸಾಹೇಬ್ರ, ಹುಡುಗ್ಯಾರು ನಡದದ್ದು ಖರೇ. ಈ ಮಂಗ್ಯಾನ್ನ ನೀವು ಇಟ್ಗೋರಿ, ಬಸ್ಸು ಅವರಿಗಿ ಬಿಡ್ರಿ!"